ಅರ್ಧ ಫಾದರ್ ಹೇಳದ ಮಾತು

ವಾರವಿಡೀ ಅವನು ಬೀಗ ರಿಪೇರಿಯವನು, ಭಾನುವಾರ ಮಾತ್ರ ಚರ್ಚಿನ ಡೀಕನ್. ಹೆಂಡತಿ ಇರುವವನು ಪೂರ್ತಿ ಗುರುವಾಗುವಂತಿಲ್ಲವಲ್ಲ, ಅದಕ್ಕೇ ಊರೆಲ್ಲ ಅವನನ್ನು ಅರ್ಧ ಫಾದರ್ ಎನ್ನುತ್ತಿತ್ತು. ಪೂಜೆಯಲ್ಲಿ ಗುರುಗಳ ಪಕ್ಕ ನಿಲ್ಲುವುದು, ಪಾತ್ರೆಗೆ ದ್ರಾಕ್ಷಾರಸ ಹೊಯ್ಯುವುದು, ಶುಭಸಂದೇಶ ಓದುವುದು, ಕಟ್ಟಕಡೆಗೆ ಜನರತ್ತ ತಿರುಗಿ "ಸಮಾಧಾನದಿಂದ ಹೋಗಿ ಬನ್ನಿ" ಎಂದು ಕಳಿಸಿಕೊಡುವುದು, ಇಷ್ಟು ಅವನ ಪಾಲು. ಹೆಂಡತಿ ಕಾಲೆಳೆಯುತ್ತಿದ್ದಳು: "ಮನೆಗೆ ಬಂದ ನೆಂಟರನ್ನ ಏಳೋಕೇ ಬಿಡಲ್ಲ ನೀವು. ಅಲ್ಲಿ ನೋಡಿದ್ರೆ ಎಲ್ಲರನ್ನೂ ಎಬ್ಬಿಸಿ ಕಳ್ಸೋ ಕೆಲಸ ಸಿಕ್ಕಿದೆ."

ಶನಿವಾರ ಹೊಸ ಗುರುಗಳು ಅವನನ್ನು ಕರೆಸಿ, ಗಂಟೆಗೋಪುರದ ಹಿಂದಿನ ಕೋಣೆಗೆ ಗಟ್ಟಿ ಬೀಗ ಹಾಕಲು ಹೇಳಿದರು. ಅದು ಗಂಟೆ ಅಜ್ಜಿಯ ಕೋಣೆ. ಗಂಡ ಸತ್ತಾಗಿನಿಂದ ಗಂಟೆ ಹೊಡೆಯುವುದು, ಬಾಗಿಲು ತೆಗೆಯುವುದು, ಪೀಠದ ಬಟ್ಟೆ ಒಗೆಯುವುದು ಎಲ್ಲ ಅವಳೇ. ಚಿಲಕ ಸಡಿಲಾಗಿದೆ ಎಂದು ಅವಳು ಗೊಣಗುತ್ತಿದ್ದದ್ದು ಅವನಿಗೆ ನೆನಪಿತ್ತು. ಪಾಪ, ಗುರುಗಳೇ ಗಮನಿಸಿದರಲ್ಲ ಎಂದು ಖುಷಿಯಾಗಿ, ಅಂಗಡಿಯಲ್ಲಿದ್ದ ಒಳ್ಳೆಯ ಬೀಗವನ್ನೇ ತಂದು ಕೂರಿಸಿದ. ಅಜ್ಜಿ ಬಟ್ಟೆ ಒಗೆಯಲು ಹೋಗಿದ್ದಳು. ಬೀಗದ ಕೈಯನ್ನು ಗುರುಗಳಿಗೆ ಕೊಟ್ಟು ಮನೆಗೆ ಹೋದ.

ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಅಜ್ಜಿ ಗೋಪುರದ ಕೆಳಗೆ ತನ್ನ ಟ್ರಂಕಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸುತ್ತಿದ ಹಾಸಿಗೆ.

"ಬೀಗ ಚೆನ್ನಾಗಿ ಹಾಕಿದ್ದೀಯ ಮಗಾ," ಎಂದಳು. "ಎಳೆದು ನೋಡ್ದೆ. ಗಟ್ಟಿಯಾಗಿದೆ."

ಅವನು ಅವಳೆದುರು ಕುಕ್ಕರಿಸಿದ. "ಗುರುಗಳು ಏನಂದ್ರು ಅಜ್ಜಿ?"

"ಹೋಗಿ ಅಂದ್ರು."

"ಅಷ್ಟೇನಾ?"

"ಇನ್ನೇನು ಅನ್ಬೇಕು? ಅಷ್ಟೇ."

ಬಾಗಿಲಿಗೆ ಬಂದು ಕಾಡಿಸುವವನನ್ನೂ "ಹೋಗಿ ಬನ್ನಿ" ಎಂದೇ ಸಾಗಹಾಕುವ ಜನ ನಾವು. ಬರೀ "ಹೋಗಿ" ಎಂದರೆ ಮುಖದ ಮೇಲೆ ಬಾಗಿಲು ಬಡಿದ ಹಾಗೆ. ಆ ಬಾಗಿಲಿಗೆ ಬೀಗ ಹಾಕಿಕೊಟ್ಟವನು ತಾನೇ ಎಂಬುದು ಅರ್ಧ ಫಾದರನಿಗೆ ನುಂಗಲಾರದ ತುತ್ತಾಯಿತು.

ಉಡುಪಿನ ಕೋಣೆಯಲ್ಲಿ ಗುರುಗಳು ನಿಲುವಂಗಿ ತೊಡುತ್ತಿದ್ದರು. ವಯಸ್ಸು ಸಣ್ಣದು, ಅವಸರ ದೊಡ್ಡದು.

"ಗಂಟೆ ಈಗ ಕರೆಂಟಿನದು," ಎಂದರು. "ಕೋಣೆ ಸ್ಪೀಕರ್ ಸಾಮಾನಿಗೆ ಬೇಕು. ಅಜ್ಜಿಗೆ ವೃದ್ಧಾಶ್ರಮದಲ್ಲಿ ಹೇಳಿದ್ದೀನಿ, ಜಾಗ ಆದಾಗ ಕರೀತಾರೆ."

"ಅಲ್ಲೀತನಕ ಟ್ರಂಕಿನ ಮೇಲೆ ಕೂತಿರಬೇಕಾ ಸ್ವಾಮಿ?"

"ನಿಮ್ಮ ಕೆಲಸ ನೀವು ನೋಡಿ. ಕೊನೇಲಿ ಒಂದು ಮಾತು ಹೇಳೋರಿಗೆ ಇಷ್ಟೊಂದು ಮಾತು ಯಾಕೆ?"

ಅವನು ಬಾಯಿಗೆ ಬೀಗ ಹಾಕಿಕೊಂಡ. ಹೆಗಲಿಗೆ ಅಡ್ಡಲಾಗಿ ಪಟ್ಟಿ ಧರಿಸಿದ, ಪಾತ್ರೆ ಎತ್ತಿಕೊಟ್ಟ, ಶುಭಸಂದೇಶ ಓದಿದ. ಒಂದಕ್ಷರ ತಪ್ಪಲಿಲ್ಲ. ಗುರುಗಳು ಆಶೀರ್ವಾದ ಮಾಡಿದರು. ಎದ್ದು ನಿಂತಿದ್ದ ಜನ ಚೀಲ, ಕೊಡೆ, ಮಕ್ಕಳ ಕೈ ಹಿಡಿದುಕೊಂಡು ಕಾದರು. ಆರ್ಗನ್ ನುಡಿಸುವ ಟೀಚರ್ ಬೆರಳು ಎತ್ತಿ ಕಾದರು.

ಅರ್ಧ ಫಾದರ್ ಜನರ ಕಡೆ ತಿರುಗಿ ಸುಮ್ಮನೆ ನಿಂತ.

"ಹೇಳ್ರೀ," ಎಂದು ಗುರುಗಳು ಪಿಸುಗುಟ್ಟಿದರು.

"ಆಗಲ್ಲ ಸ್ವಾಮಿ," ಎಂದ ಅವನು. ಎದುರಿಗೆ ಮೈಕು ಇತ್ತು, ಕೊನೆಯ ಬೆಂಚಿನವರೆಗೂ ಕೇಳಿಸಿತು. "ಅಜ್ಜಿಗೆ ನೀವು ಹೋಗಿ ಅಂದ್ರಿ, ಬನ್ನಿ ಅನ್ನಲಿಲ್ಲ. ನನ್ನ ಮಾತಲ್ಲಿ ಎರಡೂ ಇದೆ. ಒಂದನ್ನ ನೀವು ಕಿತ್ತುಹಾಕಿದ ಮೇಲೆ ಇನ್ನೊಂದನ್ನ ಯಾವ ಬಾಯಲ್ಲಿ ಹೇಳಲಿ?"

ಗುರುಗಳ ಮುಖ ಕೆಂಪೇರಿತು. ತಾವೇ ಮುಂದೆ ಬಂದು, "ಸಮಾಧಾನದಿಂದ ಹೋಗಿ ಬನ್ನಿ," ಎಂದು ಗಟ್ಟಿಯಾಗಿ ಹೇಳಿದರು. "ದೇವರಿಗೆ ಕೃತಜ್ಞತೆ" ಎನ್ನಬೇಕಾದ ಜನರಲ್ಲಿ ಯಾರೂ ಉತ್ತರ ಕೊಡಲಿಲ್ಲ. ಟೀಚರ್ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಎರಡನೇ ಸಾಲಿನಲ್ಲಿದ್ದ ಅವನ ಹೆಂಡತಿ ಕೊಡೆಯನ್ನು ಪಕ್ಕಕ್ಕಿಟ್ಟು ದೊಪ್ಪನೆ ಕೂತಳು. ಅವಳ ಹಿಂದಿನವರು ಕೂತರು. ಬೆಂಚುಗಳು ಹಿಂದಿನವರೆಗೂ ಕಿರುಗುಟ್ಟಿದವು.

"ಬೀಗ ಹಾಕಿದವನು ನಾನು," ಎಂದ ಅರ್ಧ ಫಾದರ್, ಈಗ ಜನರಿಗೆ. "ಒಂದು ತಂತಿ ಸಾಕು, ತೆಗೆದುಬಿಡ್ತೀನಿ. ಆದ್ರೆ ಕಳ್ಳನ ಥರ ತೆಗೆಯಲ್ಲ. ಅಜ್ಜಿ ಅವಳ ಮನೆಗೆ ಬೀಗದ ಕೈ ಹಾಕಿ ತೆಕ್ಕೊಂಡೇ ಹೋಗ್ಬೇಕು."

ಗುರುಗಳು ಬೆಂಚುಗಳನ್ನು ನೋಡಿದರು. ಒಬ್ಬರೂ ಅಲುಗಲಿಲ್ಲ. ಕೊನೆಗೆ ನಿಲುವಂಗಿಯೊಳಗೆ ಕೈ ಹಾಕಿ ಬೀಗದ ಕೈ ತೆಗೆದು ಅವನತ್ತ ಚಾಚಿದರು. ಅವನು ಕೈ ನೀಡಲಿಲ್ಲ.

"ನನಗಲ್ಲ ಸ್ವಾಮಿ. ಅಜ್ಜಿಗೆ."

"ಮುಂದಿನ ಭಾನುವಾರ ನೀವು ಈ ಜಾಗದಲ್ಲಿ ಇರಲ್ಲ," ಎಂದರು ಗುರುಗಳು, ಹಲ್ಲು ಕಚ್ಚಿ.

"ಇರದಿದ್ರೆ ಬೇಡ. ಇವತ್ತು ಇದ್ದೀನಲ್ಲ."

ಗುರುಗಳು ಬೆಂಚುಗಳ ನಡುವೆ ನಡೆದುಹೋದರು. ಬಾಗಿಲ ಬಳಿ ನಿಂತಿದ್ದ ಅಜ್ಜಿ ಬೀಗದ ಕೈಯನ್ನು ಇಸಿದುಕೊಂಡು, ಸೆರಗಿನ ತುದಿಗೆ ಗಂಟು ಹಾಕಿ, ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಹೋಗಿ ಬನ್ನಿ ಸ್ವಾಮಿ," ಎಂದಳು.

ಹೊರಗೆ ಟ್ರಂಕು ಎಳೆದ ಸದ್ದು, ಬೀಗ ತೆರೆದ ಸದ್ದು ಕೇಳಿಸಿತು. ಅರ್ಧ ಫಾದರ್ ಹೆಗಲ ಪಟ್ಟಿ ಸರಿಮಾಡಿಕೊಂಡು, ಬಹುಶಃ ಕೊನೆಯ ಸಲ, ತನ್ನ ಪಾಲಿನ ಮಾತನ್ನು ಪೂರ್ತಿಯಾಗಿ ಹೇಳಿದ. ಇಡೀ ಚರ್ಚು ಎದ್ದು ನಿಂತು ಉತ್ತರ ಕೊಟ್ಟಿತು.