ಅಣ್ಣನ ಹೆಪ್ಪು, ತಾಮ್ರದ ಸುರುಳಿ

ಅಣ್ಣ ಬ್ರಿನ್ಯುಲ್ವ್ ತೀರಿಕೊಂಡು ಏಳು ವಾರವಾಗಿತ್ತು. ಅಂದಿನಿಂದ ಗುಡ್ಲೇಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕ್ರಿಸ್‌ಮಸ್ಸು ಹತ್ತಿರ ಬಂದಿತ್ತು. ಬಿಯರ್ ಇನ್ನೂ ಕಾಸಿರಲಿಲ್ಲ. ಅಟ್ಟದಲ್ಲಿ ಬಟ್ಟೆ ಸುತ್ತಿಟ್ಟ ಮರದ ಬಳೆಯೊಂದಿತ್ತು. ಬಿಯರಿಗೆ ಹೆಪ್ಪು ಹಾಕುವ ಯೀಸ್ಟು ಅದರ ಮೇಲೆ ಒಣಗಿ ಅಂಟಿತ್ತು. ಮುತ್ತಜ್ಜನ ಕಾಲದಿಂದ ವರ್ಷ ವರ್ಷವೂ ಏಳುತ್ತ ಬಂದ ಹೆಪ್ಪು ಅದು. ಹೊಸದನ್ನು ಒಣಗಿಸುವ ಮೊದಲೇ ಅಣ್ಣ ಹಾಸಿಗೆ ಹಿಡಿದಿದ್ದರಿಂದ ಉಳಿದದ್ದು ಅದೊಂದೇ. ಅದು ಏಳದಿದ್ದರೆ ಆ ಮನೆಯ ಬಿಯರು ಅಲ್ಲಿಗೆ ಮುಗಿಯಿತು.

ಕುದಿಸುವುದು ಗುಡ್ಲೇಕನ ಪಾಲು, ಆರಿಸುವುದು ಅಣ್ಣನ ಪಾಲು. ಬಾರ್ಲಿ ಮೊಳಕೆಯ ಬಿಸಿ ಸಿಹಿರಸವನ್ನು ಹಾಲಿನ ಕ್ಯಾನುಗಳಿಗೆ ತುಂಬಿ, ಇಬ್ಬರೂ ಹೊತ್ತು ತೊರೆಯಲ್ಲಿ ಇಳಿಸುತ್ತಿದ್ದರು. ಆರಲು ಮೂರು ಗಂಟೆ ಬೇಕಿತ್ತು. ಒಬ್ಬನಿಗೆ ಆ ಕ್ಯಾನು ಏಳುವಂಥದ್ದಲ್ಲ. ಅದಕ್ಕೇ ರಸ ಆರಿಸುವ ಸಾಧನ ಹುಡುಕಿಕೊಂಡು ವೋಸ್ ಪೇಟೆಯ ಅಂಗಡಿಗೆ ಹೋದ.

ಅಂಗಡಿಯ ರಾಗ್ನಾ ಅಂಗೈಯಗಲದ ಲೋಹದ ಪೆಟ್ಟಿಗೆಯೊಂದನ್ನು ಮುಂದಿಟ್ಟಳು. "ಇದನ್ನ ತಗೊಳ್ಳಿ ಯಜಮಾನರೇ. ಒಳಗೆ ತಗಡಿನ ಮೇಲೆ ತಗಡು. ಒಂದು ಸಂದಿಯಲ್ಲಿ ರಸ, ಇನ್ನೊಂದರಲ್ಲಿ ತಣ್ಣೀರು. ಹತ್ತೇ ನಿಮಿಷ."

"ಒಳಗೆ ಹೆಂಗೆ ತೊಳೆಯೋದು?"

"ಬಿಸಿನೀರು ಹಾಯಿಸಿದ್ರಾಯ್ತು."

"ರಸದ ಘಮಕ್ಕೆ ಹಾಕೋ ಜೂನಿಪರ್ ಸೊಪ್ಪಿನ ಮುಳ್ಳು ಸಿಕ್ಕೊಂಡ್ರೆ?"

"ಸೊಪ್ಪು ಹಾಕದೇ ಕಾಸಿ," ಎಂದು ನಕ್ಕಳು.

"ಉಪ್ಪಿಲ್ಲದೆ ಮೀನು ತಿನ್ನು ಅಂದಂಗಾಯ್ತು, ತಾಯಿ. ಕೊಳೆ ಹೋಯ್ತೋ ಇಲ್ವೋ ಕಣ್ಣಿಗೆ ಕಾಣದೆ ಹೆಪ್ಪು ಹಾಕಲಾರೆ. ಅಲ್ಲಿ ತೂಗುಹಾಕಿರೋ ಸುರುಳಿ ಕೊಡು."

ತಾಮ್ರದ ಕೊಳವೆಯನ್ನು ಹಾವು ಸುತ್ತಿಕೊಂಡಂತೆ ಸುತ್ತಿದ್ದರು. ಹಂಡೆಯೊಳಗೆ ಇಳಿಬಿಟ್ಟು ಕೊಳವೆಯಲ್ಲಿ ತಣ್ಣೀರು ಹರಿಸಿದರೆ ಸುತ್ತಲಿನ ರಸ ಆರುತ್ತದೆ. ರಸ ತಾಗುವುದೆಲ್ಲ ಹೊರಮೈಗೇ, ಉಜ್ಜಿ ತೊಳೆಯಬಹುದು.

ಶನಿವಾರ ನಸುಕಿಗೇ ಒಲೆ ಹೊತ್ತಿಸಿದ. ಮಧ್ಯಾಹ್ನಕ್ಕೆ ಸುರುಳಿ ಇಳಿಸಿ, ತೊರೆಯ ನೀರಿನ ಪೈಪು ಸಿಕ್ಕಿಸಿದ. ಆರುವುದೆಂದರೆ ಮೂರು ಗಂಟೆ. ನಲವತ್ತು ವರ್ಷದ ರೂಢಿ ಮೈಗೆ ಹತ್ತಿತ್ತು. ಹಂಡೆಯ ಪಕ್ಕದ ಖಾಲಿ ಜಾಗ ನೋಡಲಾರದೆ, ಗುಡ್ಡದ ಕೆಳಗಿನ ಚರ್ಚಿನ ಅಂಗಳಕ್ಕೆ ನಡೆದ. ಅಣ್ಣನ ಸಮಾಧಿಯ ಮೇಲಿನ ಹಿಮವನ್ನು ಬರಿಗೈಯಲ್ಲೇ ಬಳಿದು ತೆಗೆದ. ಪ್ರಾರ್ಥನೆ ಹೇಳಹೋದರೆ ನಡುವೆ ಮರೆಯಿತು. ಮೊದಲಿಂದ ಹಿಡಿದ; ಮತ್ತೆ ಮರೆಯಿತು. ಎದ್ದು ಬಂದುಬಿಟ್ಟ.

ಹಂಡೆಗೆ ಕೈ ಅದ್ದಿದ. ಬೆಚ್ಚಗೆನಿಸಿತು. ಆಗತಾನೇ ಕರೆದ ಹಾಲಿನ ಹಾಗಿರಬೇಕು ಎನ್ನುತ್ತಿದ್ದ ಅಣ್ಣ. ಹಾಗೇ ಇದೆ ಎಂದುಕೊಂಡು ನೀರು ನಿಲ್ಲಿಸಿ, ಸುರುಳಿ ಎತ್ತಿ, ಬಳೆ ಮುಳುಗಿಸಿದ.

ಹೆಪ್ಪು ಹಾಕಿದ ನಾಲ್ಕು ಗಂಟೆಗಳೊಳಗೆ ನೊರೆ ಕಾಣಬೇಕು. ಮುಚ್ಚಳ ತೆಗೆದ, ಹಾಕಿದ. ಅಂಗಳಕ್ಕೆ ಹೋದ, ಬಂದ, ಮತ್ತೆ ತೆಗೆದ. ಸಂಜೆಯಾದರೂ ರಸ ಸುಮ್ಮನಿತ್ತು.

ಅಣ್ಣನ ಹೆಂಡತಿ ಸುನ್ನೀವಾ ಒಣಮಾಂಸ, ರೊಟ್ಟಿ ಹಿಡಿದು ಬಂದಳು. "ಎಷ್ಟು ಸಲ ಇಣುಕ್ತೀಯೋ? ಹೊಸ ಮದುಮಗನ ಹಂಗೆ!"

"ಅತ್ತಿಗೆ, ಅಣ್ಣನ ಹೆಪ್ಪು ಕೊಂದುಬಿಟ್ಟೆ."

ಅವಳು ತೋಳು ಮಡಚಿ ಮೊಣಕೈ ಅದ್ದಿದಳು. "ಅಯ್ಯೋ ಮಂಕೇ, ಇದು ತೊರೆ ನೀರಿನಷ್ಟು ತಣ್ಣಗಿದೆ! ನಿನ್ನ ಕೈಯೇನು ಮರದ್ದಾ?"

"ಬೆಚ್ಚಗಿತ್ತು, ದೇವರಾಣೆ."

"ದೇವರನ್ನ ಯಾಕೆ ಎಳೀತೀಯ? ಎಲ್ಲಿಗೆ ಹೋಗಿದ್ದೆ?"

"ಅಣ್ಣನ ಹತ್ರ. ಹಿಮ ಬಳಿದು ತೆಗೆದೆ."

"ಬರಿಗೈಯಲ್ಲಿ?"

ಗುಡ್ಲೇಕ ತನ್ನ ಕೆಂಪು ಬೆರಳುಗಳನ್ನು ನೋಡಿಕೊಂಡ. ಸೆಟೆದ ಕೈಗೆ ತಣ್ಣಗಿರುವುದೂ ಬೆಚ್ಚಗೇ. ಮೂರು ಗಂಟೆಯ ಕೆಲಸವನ್ನು ಸುರುಳಿ ಅರ್ಧ ಗಂಟೆಯಲ್ಲಿ ಮುಗಿಸಿ, ಆಮೇಲೂ ಆರಿಸುತ್ತಲೇ ಇತ್ತು.

ಸುನ್ನೀವಾ ಮತ್ತೊಮ್ಮೆ ಹಂಡೆಗೆ ಇಣುಕಿದಳು. "ಸತ್ತಿಲ್ಲ ಬಿಡು. ಚಳಿಗೆ ಮುದುಡಿದೆ, ನಿನ್ನ ಹಂಗೇ. ಆ ಕೊಳವೆಯಲ್ಲಿ ತಣ್ಣೀರೇ ಹರೀಬೇಕು ಅಂತ ಅಂಗಡಿಯವಳು ಬರೆದುಕೊಟ್ಟಿದಾಳಾ?"

ಅವನು ನೀರು ಕಾಯಿಸಲು ಒಲೆಗೆ ಓಡಿದ.

ಸುರುಳಿಯನ್ನು ಕುದಿನೀರಿಗೆ ಅದ್ದಿ ಮತ್ತೆ ಹಂಡೆಗಿಳಿಸಿದರು. ಅವನು ಬೆಂಚಿನ ಮೇಲೆ ನಿಂತು ಕೊಳವೆಗೆ ಬಿಸಿನೀರು ಹುಯ್ದ. ಅವಳು ಮರದ ಸೌಟಿನಲ್ಲಿ ಕಲಕುತ್ತ, ಆಗಾಗ ಮೊಣಕೈ ಅದ್ದುತ್ತಿದ್ದಳು.

"ಸಾಕಲ್ವಾ, ಅತ್ತಿಗೆ?"

"ನಿನ್ನ ಮಾತು ಇವತ್ತು ನಡೆಯಲ್ಲ. ಹುಯ್ಯಿ."

ನಾಲ್ಕನೇ ಬಕೆಟ್ಟಿಗೆ "ನಿಲ್ಲಿಸು" ಎಂದಳು. ಸುರುಳಿ ತೆಗೆದು ಮುಚ್ಚಳ ಹಾಕಿ, ಅದರ ಮೇಲೆ ರೊಟ್ಟಿಯ ತಟ್ಟೆ ಇಟ್ಟಳು. "ಇದು ಖಾಲಿಯಾಗೋವರೆಗೂ ಮುಚ್ಚಳ ತೆಗೆಯೋ ಹಂಗಿಲ್ಲ."

ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ. ತುತ್ತು ತುತ್ತಿಗೂ ಕಿವಿ ಹಂಡೆಯ ಕಡೆಗೇ ಇತ್ತು. ಗಂಟೆ ಕಳೆದ ಮೇಲೆ ಒಳಗೆ ಏನೋ ಸಣ್ಣಗೆ ಚಿಟಿಚಿಟಿ ಎಂದಿತು. ಉಳಿದ ಮಾಂಸವನ್ನು ಬಾಯಿಗೆ ತುರುಕಿಕೊಂಡು ಮುಚ್ಚಳ ಎತ್ತಿದ.

"ಎಷ್ಟಿದೆಯೋ?" ಎಂದಳು ಸುನ್ನೀವಾ, ಕೂತಲ್ಲಿಂದಲೇ.

"ಅಂಗೈಯಷ್ಟು ನೊರೆ."

"ಹಂಗಾದ್ರೆ ಈ ಸಲದ ಹೆಪ್ಪು ಒಣಗಿಸೋಕೆ ಇನ್ನೊಂದು ಬಳೆ ಹುಡುಕು," ಎಂದು ಅವಳು ಶಾಲಿನ ತುದಿಯಲ್ಲಿ ಇನ್ನೂ ಅಂಟಂಟಾಗಿದ್ದ ಮೊಣಕೈ ಒರೆಸಿಕೊಂಡಳು.