ನೀರು ಬಿಡುವವನ ಮನೆಯ ಸ್ಕೂಟರು

ನಾನು ಒಂದು ಸ್ಕೂಟರು. ಗೇರು ಇಲ್ಲದ, ಗುಂಡಿ ಒತ್ತಿದರೆ ಹೊರಡುವ ಜಾತಿಯದು. ಬಣ್ಣ ನೀಲಿ. ನಾನು ಹುಟ್ಟಿದ ಕಾರ್ಖಾನೆಯಲ್ಲಿ ನನ್ನಂಥವು ಸಾಲುಗಟ್ಟಿ ನಿಂತಿದ್ದವು. ಸಾಲಿನ ತುದಿಯಲ್ಲಿದ್ದ ಒಬ್ಬ ನನ್ನ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡಿದ. ನಾನು ಕೂಗಿದೆ. ಅವನು ತಲೆಯಾಡಿಸಿ ಕಾಗದದ ಮೇಲೊಂದು ಗೆರೆ ಎಳೆದ. ಕೂಗಿದ್ದಕ್ಕೇ ನಾನು ಪಾಸಾದೆ. ಅಂದಿನಿಂದ ನನ್ನ ಯೋಗ್ಯತೆಯೆಲ್ಲ ನನ್ನ ಸದ್ದಿನಲ್ಲಿದೆ ಎಂದು ನಂಬಿಕೊಂಡೆ. ಆ ನಂಬಿಕೆ ನನ್ನನ್ನು ಬಹಳ ವರ್ಷ ಸುಟ್ಟಿತು.

ನನ್ನ ಮೊದಲ ಯಜಮಾನರು ವಿಜಯಪುರದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಇನಾಮದಾರರು. ದಿನಾ ಬೆಳಿಗ್ಗೆ ಹಳದಿ ಬಟ್ಟೆಯಿಂದ ನನ್ನ ಮೈ ಒರೆಸುತ್ತಿದ್ದರು. ಬಿಸಿಲಲ್ಲಿ ನಿಲ್ಲಿಸಿದರೆ ಸೀಟಿನ ಮೇಲೆ ಒದ್ದೆ ಗೋಣಿ ಹಾಕುತ್ತಿದ್ದರು. ಏಳು ವರ್ಷ ಹೀಗೆ ನಡೆಯಿತು. ಆಮೇಲೆ ಅವರ ಮನೆಗೆ ಕಾರು ಬಂತು. ಆಗ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಕಾರು ದೊಡ್ಡದು, ನಾಲ್ಕು ಗಾಲಿಯದು, ಬಾಗಿಲುಗಳಿರುವಂಥದು. ಸೋಲುವುದಾದರೆ ಅಂಥದ್ದಕ್ಕೆ ಸೋಲಬೇಕು.

ನನ್ನನ್ನು ಕೊಂಡವಳು ದಾನಮ್ಮ. ವಿಜಯಪುರದಿಂದ ಒಂದು ತಾಸಿನ ದಾರಿಯಲ್ಲಿರುವ ಸಣ್ಣ ಊರಿನವಳು. ಮನೆಯಲ್ಲಿ ಕೂತು ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಕೊಂಡದ್ದು ತನಗಾಗಿ ಅಲ್ಲ, ಗಂಡ ರೇವಣಸಿದ್ದಪ್ಪನಿಗಾಗಿ. ರೇವಣಸಿದ್ದಪ್ಪ ಊರಿಗೆ ನೀರು ಬಿಡುವವನು. ನಾಲ್ಕು ದಿನಕ್ಕೊಮ್ಮೆ ಪ್ರತಿ ಓಣಿಗೆ ನೀರು. ಯಾವ ಓಣಿಯ ವಾಲ್ವ್ ಯಾವಾಗ ತಿರುಗಿಸಬೇಕು ಎಂಬುದೆಲ್ಲ ಅವನ ತಲೆಯಲ್ಲಿತ್ತು. ವಾಲ್ವ್ ತಿರುಗಿಸುವ, ಸೊಂಟದೆತ್ತರದ ಕಬ್ಬಿಣದ ಚಾವಿಯೊಂದನ್ನು ಸೈಕಲ್ಲಿನ ನಡುಗೊಳವೆಗೆ ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದುಕೊಂಡು ಅವನು ಊರೆಲ್ಲ ತಿರುಗುತ್ತಿದ್ದ. ಆ ವರ್ಷ ಸಂತೆಯ ಹತ್ತಿರ ತಲೆ ಸುತ್ತಿ ಸೈಕಲ್ ಸಮೇತ ಬಿದ್ದಿದ್ದ. ಅದಕ್ಕೇ ನಾನು ಬಂದೆ.

ಅಂಗಳದಲ್ಲಿ ಇಳಿದಾಗಲೇ ನಾನು ಅದನ್ನು ನೋಡಿದೆ. ಗೋಡೆಗೆ ಒರಗಿ ನಿಂತಿತ್ತು. ಕರಿಯ ಸೈಕಲ್ಲು. ಸೀಟಿನ ಚರ್ಮ ಸೀಳಿತ್ತು. ಒಂದು ಪೆಡಲಿನಲ್ಲಿ ರಬ್ಬರೇ ಇರಲಿಲ್ಲ, ಬರೀ ಸರಳು. ಗಂಟೆಯ ಮುಚ್ಚಳ ಯಾವಾಗಲೋ ಹಾರಿಹೋಗಿತ್ತು. ಪಾಪ ಅನ್ನಿಸಿತು. ನಾಳೆಯಿಂದ ಇದಕ್ಕೆ ಕೆಲಸವಿಲ್ಲ ಎಂದುಕೊಂಡೆ.

"ಹಿಂದ ಸೀಟ್ ಐತಿ ನೋಡ್ರಿ ಇದರಾಗ," ಎಂದಳು ದಾನಮ್ಮ. "ಮದಿವಿ ಆಗಿ ಮೂವತ್ತು ವರ್ಷ ಆತು. ನಿಮ್ಮ ಸೈಕಲ್ ಹಿಂದ ನಾ ಒಮ್ಮ್ಯಾರ ಕುಂತೇನೇನು? ಕ್ಯಾರಿಯರ್ ಮ್ಯಾಲ ಯಾವತ್ತೂ ಆ ನಟ್ಟು ಬೋಲ್ಟಿನ ಚೀಲ. ನನಗೆಲ್ಲಿ ಜಾಗಾ?"

ರೇವಣಸಿದ್ದಪ್ಪ ಕಡಿಮೆ ಮಾತಿನವನು. ನನ್ನ ಸುತ್ತ ಒಂದು ಸುತ್ತು ಬಂದ. ಮುಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿದ, ಹಿಂದಿನದನ್ನೂ ಒತ್ತಿದ.

"ಗಾಳಿ ಚಲೋ ಐತಿ," ಎಂದ. ನನ್ನ ಬಗ್ಗೆ ಅವನು ಆಡಿದ ಮೊದಲ ಮಾತು ಅದು.

ಹೆಂಡತಿಯ ಮನಸ್ಸು ನೋಯಿಸಬಾರದೆಂದು ಅವನು ನನ್ನನ್ನು ಓಡಿಸಿದ. ಮೂರನೆಯ ದಿನ ಸಂತೆಯ ನಡುವೆ ನಾನು ನಿಂತುಹೋದೆ. ಅವನು ಇಳಿದ. ಮುಂದಿನ ಗಾಲಿ ಒತ್ತಿ ನೋಡಿದ, ಹಿಂದಿನ ಗಾಲಿ ಒತ್ತಿ ನೋಡಿದ. ಸುತ್ತ ಜನ ನೆರೆದರು. ಮತ್ತೆ ಬಗ್ಗಿ ಮುಂದಿನದನ್ನು ಒತ್ತಿದ.

ಬದನೆಕಾಯಿ ಮಾರುವವಳು ಕೂತಲ್ಲಿಂದಲೇ ಕೂಗಿದಳು: "ರೇವಣಣ್ಣ, ಗಾಳಿ ಅಲ್ಲೋ ಯಪ್ಪಾ! ಅದಕ್ಕ ಎಣ್ಣಿ ಹಾಕಬೇಕು, ಎಣ್ಣಿ!"

ಸಂತೆಯೆಲ್ಲ ನಕ್ಕಿತು. ಜೀವಮಾನವೆಲ್ಲ ಸೈಕಲ್ ತುಳಿದವನಿಗೆ ಪೆಟ್ರೋಲ್ ಎಂಬುದೊಂದಿದೆ ಎಂಬುದೇ ಮರೆತುಹೋಗಿತ್ತು. ಅವನು ಮುಜುಗರದಿಂದ ನಕ್ಕು ನನ್ನನ್ನು ತಳ್ಳಿಕೊಂಡು ಹೊರಟ. ಒಂದು ಕೈ ಹ್ಯಾಂಡಲಿನ ಮೇಲೆ, ಒಂದು ಕೈ ಸೀಟಿನ ಮೇಲೆ. ನಾಚಿಕೆಯಾಗಬೇಕಿತ್ತು. ಆದರೆ ಸೀಟಿನ ಮೇಲಿದ್ದ ಆ ಕೈ ನನಗೆ ಹಿತವಾಗಿತ್ತು, ಹಾಗೇ ಇರಲಿ ಅನ್ನಿಸಿತು.

ಎರಡು ತಿಂಗಳೂ ತುಂಬಲಿಲ್ಲ. ಊರ ಅಗಸಿಯ ಹೆಬ್ಬಾಗಿಲ ಓಣಿಗೆ ನೀರು ಸರಿಯಾಗಿ ಏರುತ್ತಿಲ್ಲ ಎಂದು ದೂರು ಬಂತು. ನನ್ನ ಮೇಲೆ ಕೂತು ರೇವಣಸಿದ್ದಪ್ಪ ಆರು ದಿನ ಅದೇ ರಸ್ತೆಯಲ್ಲಿ ಓಡಾಡಿದ. ಏನೂ ತಿಳಿಯಲಿಲ್ಲ. ಏಳನೆಯ ದಿನ ಸೈಕಲ್ ತೆಗೆದುಕೊಂಡು ಹೋದ. ಮಧ್ಯಾಹ್ನ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬಂದ. ಮುಖ ಅರಳಿತ್ತು. ಅವನು ಅಷ್ಟೊಂದು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ತುಳಿಯೂದು ಬಿಟ್ಟು ಸುಮ್ಮನ ಕುಂತಿದ್ದೆ. ಸೈಕಲ್ ತಾನ ಹೊಂಟಿತ್ತು. ಕಲ್ಲಿನ ಕೆಳಗ ಸಣ್ಣಗ ಸುಂಯ್ ಅಂತು. ಕಾಲು ಊರಿ ನಿಂತೆ. ಚಾವಿ ನೆಲಕ್ಕ ಹಚ್ಚಿ ಈ ಕಡೆ ತುದಿಗೆ ಕಿವಿ ಇಟ್ಟೆ. ಅಲ್ಲೇ ಒಡದಿತ್ತು ಪೈಪು! ಆರು ದಿನ ಅದರ ಮ್ಯಾಲ ಹಾದು ಹೋಗೀನಿ ದಾನವ್ವ. ಗಾಡಿ ಮ್ಯಾಲ ಕುಂತ್ರ ನನಗ ಕಿವಿನ ಇರೂದಿಲ್ಲ."

ಮರುದಿನದಿಂದ ನಾನು ಗೋಡೆಯ ಪಕ್ಕ ನಿಂತೆ.

ಹೊಟ್ಟೆಕಿಚ್ಚು ಅಂದರೇನೆಂದು ನನಗೆ ತಿಳಿದದ್ದು ಆಗ. ಗಂಟೆ ಇಲ್ಲದ, ಬಣ್ಣ ಇಲ್ಲದ, ಏರು ಬಂದರೆ ಇಳಿದು ತಳ್ಳಬೇಕಾದ ಒಂದು ವಸ್ತುವಿಗೆ ನಾನು ಸೋತಿದ್ದೆ. ಪ್ರತಿ ಬೆಳಿಗ್ಗೆ ಅವನು ಪಂಪು ಹಿಡಿದು ಬರುತ್ತಿದ್ದ. ಮೊದಲು ಸೈಕಲ್ಲಿಗೆ. ಆಮೇಲೆ, ನನಗೆ ಅನ್ಯಾಯವಾಗಬಾರದು ಎಂಬಂತೆ, ನನಗೂ ಎರಡು ಸಲ ಒತ್ತುತ್ತಿದ್ದ. ಆ ಎರಡು ಒತ್ತು ನನ್ನನ್ನು ಇನ್ನೂ ಉರಿಸುತ್ತಿತ್ತು. ನಂತರ ಬಲಗಾಲು ಎತ್ತಿ ಏರುತ್ತಿದ್ದ. ಓಣಿಯ ತಿರುವಿನಲ್ಲಿ ತುಳಿಯುವುದನ್ನು ನಿಲ್ಲಿಸುತ್ತಿದ್ದ. ಟಿಕ್ ಟಿಕ್ ಟಿಕ್ ಎಂದು ಹಿಂದಿನ ಗಾಲಿಯ ಸದ್ದು ಸ್ವಲ್ಪ ಹೊತ್ತು ಕೇಳುತ್ತಿತ್ತು. ಆಮೇಲೆ ಅದೂ ಇಲ್ಲ. ಆ ಟಿಕ್ ಟಿಕ್ ನನ್ನನ್ನು ಹಂಗಿಸಲಿಕ್ಕೇ ಇದೆ ಎಂದು ನಾನು ತಿಳಿದಿದ್ದೆ.

ನನಗೊಬ್ಬಳು ಜೊತೆಗಾರ್ತಿ ಇದ್ದಳು. ದಾನಮ್ಮ ಬಾಗಿಲಲ್ಲಿ ಕೌದಿ ಹರವಿಕೊಂಡು ಕೂತು, ಸೂಜಿಯನ್ನು ಬಟ್ಟೆಯಲ್ಲಿ ಹಾಗೇ ಚುಚ್ಚಿ ಬಿಟ್ಟು, ಅದೇ ತಿರುವನ್ನು ನೋಡುತ್ತಿದ್ದಳು. ಆ ಹೊತ್ತಿನಲ್ಲಿ ನಾವಿಬ್ಬರೂ ಒಂದೇ ಪಂಗಡದವರಾಗಿದ್ದೆವು.

ಚಾವಿ ಇರುವವರೆಗೆ ಸೈಕಲ್ಲು, ಆಮೇಲೆ ನಾನು. ಹಾಗೆಂದು ಸಮಾಧಾನ ಮಾಡಿಕೊಂಡೆ. ರೇವಣಸಿದ್ದಪ್ಪ ನಿವೃತ್ತನಾದ. ಶಾಲು ಹೊದಿಸಿಕೊಂಡು, ಚಾವಿಯನ್ನು ಹೊಸಬನ ಕೈಗೆ ಕೊಟ್ಟು, ಹಾರವನ್ನು ಸೈಕಲ್ಲಿನ ಹ್ಯಾಂಡಲಿಗೆ ಹಾಕಿಕೊಂಡು ಮನೆಗೆ ಬಂದ. ಹಾರ ಕೂಡ ಅದಕ್ಕೇ! ಇರಲಿ, ಇದು ಅದರ ಕಡೆಯ ಮೆರವಣಿಗೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವನು ಪಂಪು ಹಿಡಿದು ಬಂದ. ಎಂದಿನ ಹಾಗೆ ಮೊದಲು ಸೈಕಲ್ಲಿಗೆ.

ದಾನಮ್ಮ ಎದ್ದು ಬಂದಳು. "ಚಾವಿ ಕೊಟ್ಟು ಬಂದ್ರಿ. ನೌಕರಿ ಮುಗೀತು. ಈಗ ಎಲ್ಲಿಗ್ರಿ?"

"ಎಲ್ಲಿಗೂ ಇಲ್ಲ."

"ಎಲ್ಲಿಗೂ ಇಲ್ಲಂದ್ರ ಸೈಕಲ್ ಯಾಕ?"

ಅವನು ಪಂಪನ್ನು ಬದಿಗಿಟ್ಟ. "ಎಲ್ಲಿಗ್ಯಾರ ಹೋಗೂದಿದ್ದರ ಗಾಡಿ ತಗೋತಿದ್ದೆ," ಎಂದ.

ಚೀಲವಿಲ್ಲದ ಕ್ಯಾರಿಯರ್ ಖಾಲಿಯಾಗಿತ್ತು. ದಾನಮ್ಮ ಅದನ್ನೇ ನೋಡುತ್ತಿದ್ದಳು. ಅವನಿಗೆ ಅದು ಹೊಳೆಯಲಿಲ್ಲ. ಟಿಕ್ ಟಿಕ್ ಎಂದು ತಿರುವಿನಲ್ಲಿ ಮರೆಯಾದ. ಆ ದಿನ ಅವಳು ನನ್ನ ಹತ್ತಿರ ಬಂದು ಸೀಟಿನ ಧೂಳನ್ನು ಸೆರಗಿನಿಂದ ಜಾಡಿಸಿದಳು. "ಅವರು ಏರದಿದ್ದರ ನಾನ ಏರತೀನಿ," ಎಂದಳು. ನನಗೇ ಹೇಳಿದಳು.

ಊರಾಚೆಯ ಖಾಲಿ ಕಣದಲ್ಲಿ ಅವಳು ಕಲಿತಳು. ಕಲಿಸಿದವನು ರೇವಣಸಿದ್ದಪ್ಪನೇ. ಅವನಿಗೆ ಗೊತ್ತಿದ್ದದ್ದು ಸೈಕಲ್ ಕಲಿಸುವ ರೀತಿ ಒಂದೇ. ಹಾಗಾಗಿ ನನ್ನ ಹಿಂದಿನ ಹಿಡಿಕೆ ಹಿಡಿದುಕೊಂಡು "ಮುಂದ ನೋಡು, ಮುಂದ ನೋಡು" ಎನ್ನುತ್ತ ಓಡಿಬಂದ. ಅವಳು ಗಾಬರಿಯಲ್ಲಿ ಕೈ ತಿರುವಿದಳು, ನಾನು ಜಿಗಿದೆ, ಅವನು ಮಣ್ಣಲ್ಲಿ ಕೂತ. "ಕೈ ಯಾಕ ಬಿಟ್ರಿ!" ಎಂದು ಅವಳು ದೂರದಿಂದ ಕೂಗಿದಳು. "ಬಿಟ್ಟಿಲ್ಲ, ಅದ ಕಸಗೊಂಡು ಹೋತು," ಎಂದ ಅವನು, ಧೋತರ ಕೊಡವುತ್ತ.

ಎರಡು ವರ್ಷ ಕಳೆಯಿತು. ಅವನಿಗೆ ಮತ್ತೆ ತಲೆ ಸುತ್ತಿ ಬಂತು. ಈ ಸಲ ಟಾಕಿ ದಿನ್ನೆಯ ಏರಿನಲ್ಲಿ. ಊರಿನ ನೀರಿನ ಟಾಕಿ ಇರುವುದು ಆ ದಿನ್ನೆಯ ಮೇಲೆ. ಯಾರೋ ಎತ್ತಿಕೊಂಡು ಬಂದು ಮನೆಯಲ್ಲಿ ಮಲಗಿಸಿದರು. ಡಾಕ್ಟರು ಏರು ತುಳಿಯಬಾರದು ಎಂದರು. ದಾನಮ್ಮ ಅಳಲಿಲ್ಲ. ಗುಜರಿಯವನಿಗೆ ಗುರುವಾರ ಬಾ ಎಂದು ಹೇಳಿ ಕಳಿಸಿದಳು.

"ಸೈಕಲ್ ಕೊಟ್ಟುಬಿಡ್ತೀನಿ ನೋಡ್ರಿ. ಅದು ಇದ್ದರ ನೀವು ಉಳಿಯೂದಿಲ್ಲ."

ಗೋಡೆಯ ಪಕ್ಕ ನಿಂತಿದ್ದ ನಾನು ಎಷ್ಟು ಸಂತೋಷಪಟ್ಟೆ ಎಂಬುದನ್ನು ಮುಚ್ಚಿಡುವುದಿಲ್ಲ. ಅದನ್ನು ತೂಕಕ್ಕೆ ಹಾಕುವ ಸದ್ದನ್ನು ಮನಸ್ಸಿನಲ್ಲೇ ಹಲವು ಸಲ ಕೇಳಿದೆ.

ಬುಧವಾರ ರೇವಣಸಿದ್ದಪ್ಪ ಎದ್ದು ಕೂತ. "ಕೊಡು," ಎಂದ. "ನಾಳೆ ಅಂವ ಬರೂದ್ರಾಗ ಒಮ್ಮೆ ಟಾಕಿತನಕ ಹೋಗಿ ಬರತೀನಿ. ತುಳಿಯೂದಿಲ್ಲ. ತಳ್ಳಿಕೊಂಡು ಏರತೀನಿ. ನಿನಗ ನಂಬಿಗಿ ಇಲ್ಲಂದ್ರ ಬೆನ್ನ ಹತ್ತಿ ಬಾ."

"ಬರತೀನಿ. ಬಿಡ್ತೀನೇನು?"

ಗುರುವಾರ ಹೊತ್ತು ಹುಟ್ಟುವ ಮೊದಲು ಅವನು ಅಂಗಳಕ್ಕೆ ಬಂದು ಸೈಕಲ್ಲಿಗೆ ಗಾಳಿ ತುಂಬಿದ. ಅಂದು ನನಗೆ ಎರಡೇ ಒತ್ತು ಅಲ್ಲ, ಬೆವರು ಬರುವಂತೆ ತುಂಬಿದ. "ನಿನ್ನ ಗಾಡಿ ತಯಾರ್ ಮಾಡೀನಿ," ಎಂದ ಹೆಂಡತಿಗೆ.

ಅವನು ಸೈಕಲ್ ತಳ್ಳುತ್ತ ಏರಿದ. ನಾನು ಅವಳನ್ನು ಹೊತ್ತು ಅವನ ನಡಿಗೆಯ ವೇಗದಲ್ಲಿ ಹಿಂದೆ ತೆವಳಿದೆ. ಅಷ್ಟು ನಿಧಾನ ನನಗೆ ರೂಢಿಯಿಲ್ಲ, ದಾರಿಯುದ್ದಕ್ಕೂ ಗುರುಗುಟ್ಟಿದೆ. ಟಾಕಿಯ ಬುಡಕ್ಕೆ ಬಂದಾಗ ಎರಡು ಸಲ ಬಿಕ್ಕಿ ಸುಮ್ಮನಾದೆ. ದಾನಮ್ಮ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು.

"ಎಣ್ಣಿ ಹಾಕಿಸಿದ್ರೇನ್ರಿ?"

"ಗಾಳಿ ಹಾಕಿದ್ನಲ್ಲ!"

ಅವಳು ಅವನ ಮುಖ ನೋಡಿದಳು. ಸಿಟ್ಟು ಬರುವುದರಲ್ಲಿತ್ತು, ನಗು ಬಂತು. ಹಣೆಗೆ ಕೈ ಹಚ್ಚಿಕೊಂಡು, ನನ್ನ ಸೀಟಿನ ಮೇಲೆ ಬಾಗಿ ನಕ್ಕಳು. ಅವನೂ ನಕ್ಕ.

"ಇಳಿಜಾರ ಐತಿ. ಕಾಲು ಎತ್ತಿ ಕುಂದ್ರು," ಎಂದ. "ಗಾಡಿ ತಾನ ಹೊಕ್ಕೈತಿ. ಬ್ರೇಕಿನ ಮ್ಯಾಲ ಕೈ ಇರಲಿ."

ಹೊರಟೆವು. ಪಕ್ಕಪಕ್ಕದಲ್ಲಿ, ಅದು ಮತ್ತು ನಾನು.

ಹುಟ್ಟಿದಂದಿನಿಂದ ನಾನು ಓಡುವಾಗ ನನ್ನ ಸದ್ದನ್ನು ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ. ಅಂದು ಕೇಳಿದೆ. ನನ್ನ ಗಾಲಿಯ ಕೆಳಗೆ ಮಣ್ಣು ಸರಿಯುವುದು ಕೇಳಿತು. ದಾನಮ್ಮನ ಬಳೆಗಳು ಕೇಳಿದವು. ಬದಿಯ ಜೋಳದ ಹೊಲದಲ್ಲಿ ಎಲೆಗೆ ಎಲೆ ತಾಗುವುದು ಕೇಳಿತು. ರೇವಣಸಿದ್ದಪ್ಪನ ಉಸಿರು ಕೇಳಿತು. ಅದರಲ್ಲಿ ಏದುಸಿರು ಇರಲಿಲ್ಲ. ಟಿಕ್ ಟಿಕ್ ಎಂಬ ಆ ಸದ್ದು ಹತ್ತಿರದಲ್ಲೇ ಇತ್ತು. ಅದು ಯಾರನ್ನೂ ಹಂಗಿಸುತ್ತಿರಲಿಲ್ಲ. ತುಳಿಯುವವನು ಸುಮ್ಮನೆ ಕೂತಿದ್ದಾನೆ ಎಂದು ಹೇಳುತ್ತಿತ್ತು, ಅಷ್ಟೇ. ಆಮೇಲೆ, ಎಲ್ಲದರ ಕೆಳಗೆ, ಇನ್ನೊಂದು ಸದ್ದು.

"ಕೇಳಸ್ತೇನು?" ಎಂದ ಅವನು.

ದಾನಮ್ಮ ತಲೆ ಓರೆ ಮಾಡಿದಳು. "ಹೂಂ... ಏನ್ರೀ ಅದು?"

"ನೀರು. ಟಾಕಿಯಿಂದ ಬಿಟ್ಟಾರ. ರಸ್ತೆ ಕೆಳಗ ನಮ್ಮ ಜೋಡೀನ ಇಳೀಲಿಕ್ಕತ್ತೈತಿ."

ಆಮೇಲೆ ಇಬ್ಬರೂ ಮಾತಾಡಲಿಲ್ಲ. ಆ ಮೌನದಲ್ಲಿ ಅವನು ಮೂವತ್ತು ಚಿಲ್ಲರೆ ವರ್ಷ ಒಬ್ಬನೇ ಇದ್ದ. ಅವಳನ್ನು ದೂರವಿಡಬೇಕೆಂದು ಅಲ್ಲ. ಹೀಗೊಂದು ಇದೆ ಎಂದು ಹೇಳಲು ಅವನಿಗೆ ಮಾತು ಬರುತ್ತಿರಲಿಲ್ಲ. ಮತ್ತೆ ಮತ್ತೆ ಅವನು ಸೈಕಲ್ಲಿನ ಕಡೆಗೆ ಯಾಕೆ ಹೋಗುತ್ತಿದ್ದ ಎಂಬುದು ನನಗೆ ಆಗ ತಿಳಿಯಿತು. ಅದು ಅವನನ್ನು ಒಯ್ಯುತ್ತಿತ್ತು, ಆದರೆ ಅವನ ಕಿವಿಯನ್ನು ಅವನಿಗೇ ಬಿಡುತ್ತಿತ್ತು.

ಇಳಿಜಾರು ಅಗಸಿಯ ಹತ್ತಿರ ಮುಗಿಯಿತು. ಅಲ್ಲಿಂದ ಮನೆಗೆ ಇಬ್ಬರೂ ನಮ್ಮಿಬ್ಬರನ್ನೂ ತಳ್ಳಿಕೊಂಡು ಬಂದರು. ಬಾಗಿಲಲ್ಲಿ ಗುಜರಿಯವನು ತಕ್ಕಡಿ ಹಿಡಿದು ಕೂತಿದ್ದ. "ಎಲ್ಲೈತೆವ್ವ ಸೈಕಲ್ಲು?" ಎಂದ.

ದಾನಮ್ಮ ನನ್ನ ಸ್ಟ್ಯಾಂಡ್ ಹಾಕಿದಳು. "ಇಲ್ಲಪ್ಪ, ಕೊಡೂದಿಲ್ಲ," ಎಂದಳು. "ಚಾ ಕುಡುದು ಹೋಗು."

ಅಂದಿನಿಂದ ವಾರಕ್ಕೊಮ್ಮೆ ನಾವು ದಿನ್ನೆಗೆ ಹೋಗುತ್ತಿದ್ದೆವು. ಅವನು ತಳ್ಳಿಕೊಂಡು ಏರುತ್ತಿದ್ದ. ನನ್ನ ಹೊಟ್ಟೆಯಲ್ಲಿ ಪೆಟ್ರೋಲ್ ಇರುತ್ತಿತ್ತು, ಅದನ್ನು ಈಗ ದಾನಮ್ಮ ನೋಡಿಕೊಳ್ಳುತ್ತಿದ್ದಳು. ಆದರೂ ಟಾಕಿಯ ಬುಡದಲ್ಲಿ ಅವಳು ನನ್ನ ಕೀಲಿ ತಿರುವಿ ಆರಿಸುತ್ತಿದ್ದಳು. ಕೂಗಿದ್ದಕ್ಕೆ ಪಾಸಾದವನು ನಾನು. ಆದರೆ ನನ್ನ ಕೂಗು ನಿಂತಾಗ ಮಾತ್ರ ನಾನು ಅವರ ಜೊತೆಗಿದ್ದೆ.

ಈಗ ನನ್ನ ಎಂಜಿನ್ ಚಾಲೂ ಆಗುವುದಿಲ್ಲ. ಅದೇ ಗೋಡೆಯ ಪಕ್ಕ ನಿಂತಿದ್ದೇನೆ. ಒಂದು ಕನ್ನಡಿ ಒಡೆದಿದೆ, ಸೀಟಿನ ಮೇಲೆ ಬೆಕ್ಕು ಮಲಗುತ್ತದೆ. ಹೊಟ್ಟೆಕಿಚ್ಚು ಹೋಗಿದೆ ಎಂದರೆ ಸುಳ್ಳಾದೀತು. ಸೈಕಲ್ಲಿಗೆ ಸಿಕ್ಕ ಅಷ್ಟು ಮುಂಜಾವುಗಳ ಎದುರು ನನಗೆ ಸಿಕ್ಕದ್ದು ವಾರಕ್ಕೊಂದು ಇಳಿಜಾರು. ಈಗ ಅದೂ ಇಲ್ಲ. ಈಗ ದಿನ್ನೆಗೆ ಹೋಗುವಾಗ ದಾನಮ್ಮ ನಡೆದೇ ಹೋಗುತ್ತಾಳೆ. ಅವನು ಸೈಕಲ್ ತಳ್ಳುತ್ತಾನೆ. ಇಳಿಯುವಾಗಲೂ ಏರುವುದಿಲ್ಲ, ಪಕ್ಕದಲ್ಲೇ ನಡೆದು ಬರುತ್ತಾನಂತೆ. ಅದರ ಕ್ಯಾರಿಯರ್ ಮೇಲೆ ಚೀಲದ ಬದಲು ದಾನಮ್ಮ ಹೊಲಿದ ಸಣ್ಣ ಕೌದಿಯೊಂದು ಮಡಚಿ ಕೂತಿರುತ್ತದೆ, ಟಾಕಿಯ ಬುಡದಲ್ಲಿ ಇಬ್ಬರೂ ಕೂರಲಿಕ್ಕೆ.

ಇವತ್ತು ಬೆಳಿಗ್ಗೆಯೂ ಅವನು ಪಂಪು ಹಿಡಿದು ಬಂದ. ಸೈಕಲ್ಲಿಗೆ ತುಂಬಿದ. ನಂತರ ನನ್ನ ಕಡೆ ತಿರುಗಿ, ಬೆಕ್ಕನ್ನು ಎಬ್ಬಿಸದಂತೆ ಬಗ್ಗಿ, ಮುಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿದ.

"ಗಾಳಿ ಚಲೋ ಐತಿ," ಎಂದ.

ಆಮೇಲೆ ಸೈಕಲ್ಲನ್ನು ಕರೆದುಕೊಂಡು ಹೋದ.