ಹುಳು ಕೊಡವಿದ ಕೈ

ಅಮೆರಿಕದ ಡುವಾಲ್‌ನ ಮಗಳ ಮನೆಗೆ ಬಂದ ಆರನೆಯ ದಿನವೇ ನಿಂಗವ್ವನ ತಾಳ್ಮೆ ಕೆಟ್ಟಿತು. ಮಗಳು ಸ್ಮಿತಾ ಸಾಕಿದ್ದ ಎರಡು ಆಕಳುಗಳಲ್ಲಿ ಕೆಂಪಿ ಯುಗಾದಿಯ ಹೊತ್ತಿಗೆ ಹೊಲದಲ್ಲಿ ಮೇಯ್ದು, ವಿಷವೇರಿ, ಕಾಲು ಬಡಿದು ಬಡಿದು ಸತ್ತಿತ್ತು. ಉಳಿದವಳು ಗೌರಿ, ತುಂಬಿದ ಗಬ್ಬ. ಅವಳನ್ನು ಕೊಟ್ಟಿಗೆಯ ಗೂಟಕ್ಕೆ ಬಿಗಿದಿದ್ದರು. ಕಣ್ಣೆದುರು ಮೂರು ಎಕರೆ ಹಸಿರು, ಬಾಯಿಗೆ ಮಾತ್ರ ಒಣಹುಲ್ಲು. ದಿನವಿಡೀ ಒದರುತ್ತಿದ್ದಳು.

"ಹೊಲದಾಗ ಹುಳ ಅದಾವ, ಗೌರಿನ್ನ ಬಿಚ್ಚಬ್ಯಾಡವ್ವಾ," ಎಂದಷ್ಟೇ ಹೇಳಿ ಸ್ಮಿತಾ ಆಫೀಸಿಗೆ ಕಾರು ಹತ್ತಿದಳು.

ನಿಂಗವ್ವ ಹೋಗಿ ನೋಡಿದಳು. ಸೊಂಟದೆತ್ತರದ ಗಿಡಗಳು, ತೊಗರಿಯ ಹಾಗೆ ಹಳದಿ ಹೂ, ಹೂವಿನ ತುಂಬ ಕಪ್ಪು-ಹಳದಿ ಪಟ್ಟೆಯ ಹುಳುಗಳು. ಅವಳ ಮೈ ಉರಿಯಿತು. ಕಲಬುರಗಿ ಸೀಮೆಯಲ್ಲಿ ನಲವತ್ತು ವರ್ಷ ತೊಗರಿ ಹುಳುವಿನ ಜೊತೆ ಗುದ್ದಾಡಿದ ಹೆಂಗಸು. ಆಕಳನ್ನು ಕೊಂದವರು ಯಾರೆಂದು ತೀರ್ಮಾನಿಸಲು ಅವಳಿಗೆ ಡಾಕ್ಟರು ಬೇಕಾಗಲಿಲ್ಲ.

ಹಳೆಯ ಬೆಡ್‌ಶೀಟು ತಂದು ಗಿಡದ ಬುಡಕ್ಕೆ ಹಾಸಿದಳು. ಗಿಡ ಬಗ್ಗಿಸಿ, ಊರಲ್ಲಿ ತೊಗರಿ ಕೊಡವುತ್ತಿದ್ದ ಹಾಗೆಯೇ ಕೊಡವಿದಳು. ಹುಳುಗಳು ಪಟಪಟನೆ ಉದುರಿದವು. ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿ, ಬಂಡೆಯ ಮೇಲಿಟ್ಟು, ಸೌದೆಯ ತುಂಡಿನಿಂದ ಬಡಿದಳು.

"ಬಾಯಿ ಸತ್ತ ಆಕಳಾ ತಿಂದ್ರೇನ್ರೋ! ತಿನ್ರಿ ಈಗ, ತಿನ್ರಿ!"

ರಸ ಮುಖಕ್ಕೆ ಸಿಡಿಯಿತು. ಒರೆಸಿಕೊಳ್ಳದೆ ಮತ್ತೆ ಬಡಿದಳು. ಗಂಟು ಬಿಚ್ಚಿದಾಗ ಇನ್ನೂ ಹೊರಳಾಡುತ್ತಿದ್ದವುಗಳ ಮೇಲೆ ಕುದಿಯುವ ನೀರು ಸುರಿದಳು. ಸುಳ್ಳೇಕೆ, ಬಹಳ ಖುಷಿಯಾಯಿತು. ನಾಲ್ಕು ಗಂಟೆಯ ಹೊತ್ತಿಗೆ ಹೊಲದಲ್ಲಿ ಒಂದು ಹುಳುವೂ ಕಾಣುತ್ತಿರಲಿಲ್ಲ.

ಸ್ಮಿತಾ ಬಂದವಳು ಶೀಟು ನೋಡಿದಳು, ಬಂಡೆ ನೋಡಿದಳು. ಕೈಯಲ್ಲಿದ್ದ ಬ್ಯಾಗು ಜಾರಿತು. ಓಡಿ ಬಂದು ತಾಯಿಯ ಕೈಯಿಂದ ಸೌದೆ ಕಿತ್ತೆಸೆದು ಕೆನ್ನೆಗೆ ಬಾರಿಸಿಬಿಟ್ಟಳು. ನಿಂಗವ್ವ ಕೆಸರಿಗೆ ಬಿದ್ದಳು.

"ಕೆಂಪಿನ್ನ ಕೊಂದಿದ್ದು ಗಿಡಾ, ಅವ್ವಾ! ಹುಳ ಅಲ್ಲ! ಆ ಗಿಡಾ ತಿಂದ್ರ ಆಕಳದ ಲಿವರೇ ಸುಟ್ಟು ಹೋಗ್ತದ. ಈ ಹುಳ ಆ ಗಿಡಾನೇ ತಿಂದು ಮುಗಸ್ತಾವ. ಮೂರು ವಾರ ಬ್ಯಾರೆಯವರ ಹೊಲದಾಗ ಒಂದೊಂದೇ ಆರಿಸಿ ತಂದು ಬಿಟ್ಟಿದ್ದೆ!"

ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೆ? ತಾಯಿಗೂ ಇಲ್ಲ, ಮಗಳಿಗೂ ಇಲ್ಲ. ಸ್ಮಿತಾ ತನ್ನ ಕೈಯನ್ನೇ ನೋಡಿಕೊಂಡು ಬಿಕ್ಕತೊಡಗಿದಳು. ಹೆತ್ತ ಮಗಳು ಹೊಡೆದದ್ದು ನಿಂಗವ್ವನಿಗೆ ಉರಿಯುತ್ತಲೇ ಇತ್ತು. ಆದರೂ ಕೇಳಿದ್ದು ಬೇರೆಯೇ.

"ಈ ಹೂವು ಬೀಜ ಆಗೂದು ಯಾವಾಗ?"

"ಇದೇ ವಾರ. ಗಾಳಿಗಿ ಹಾರಿದ್ರ ಮುಗೀತು, ಹೊಲದ ತುಂಬ ಮತ್ತ ಇದೇ ಗಿಡಾ. ಗೌರಿ ಕಟ್ಟಿದಲ್ಲೇ ಇರಬೇಕು, ಅದರ ಕರಾನೂ ಅಲ್ಲೇ."

ನಿಂಗವ್ವ ಎದ್ದಳು. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಹಂಗಾದ್ರ ಹುಳದ ಕೆಲಸ ನಾ ಮಾಡ್ತೀನಿ. ಚೀಲ ತಾ."

ಸ್ಮಿತಾ ಚೀಲ ತಂದು ಅವ್ವನ ಕೈಗೆ ಗ್ಲೌಸು ತೊಡಿಸಿದಳು. ಇಬ್ಬರೂ ಹೊಲಕ್ಕೆ ನುಗ್ಗಿದರು. ಹೂವಿನ ಕತ್ತು ಮುರಿದು ಚೀಲಕ್ಕೆ ತುರುಕುವುದು, ಮುರಿಯುವುದು, ತುರುಕುವುದು. ನಿಂಗವ್ವ ಹೂವಿಗೊಂದು ಬೈಗುಳ ಬೈದಳು. ಮೂರು ದಿನ ಹೀಗೇ ನಡೆಯಿತು. ಗ್ಲೌಸು ಹರಿದು ಬೆರಳಲ್ಲಿ ನೆತ್ತರು ಬಂದರೂ ಅವಳು ನಿಲ್ಲಲಿಲ್ಲ.

ಮೂರನೆಯ ಸಂಜೆ ಬೇಲಿಯ ಮೂಲೆಯಲ್ಲಿ ಉಳಿದಿದ್ದ ಕೊನೆಯ ಗಿಡಕ್ಕೆ ಕೈ ಹಾಕಿದಳು. ಎಲೆಯ ಕೆಳಗೆ ಒಂದೇ ಒಂದು ಪಟ್ಟೆ ಹುಳು. ನಲವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಮೇಲೆದ್ದಿತು. ಕೊಟ್ಟಿಗೆಯಲ್ಲಿ ಗೌರಿ ಒದರಿದಳು.

ನಿಂಗವ್ವ ಕೈ ಇಳಿಸಿ, ಆ ಗಿಡವನ್ನು ಮುರಿಯದೆ ಬಿಟ್ಟು, ಅದರ ಮುಂದೆಯೇ ಕುಕ್ಕರಿಸಿದಳು.

"ತಿನ್ನಲೇ ಭಾಡ್ಯಾ," ಎಂದಳು. "ಹೊಟ್ಟಿ ತುಂಬ ತಿನ್ನು. ನಾ ಇಲ್ಲೇ ಕುಂತೀನಿ."